ಕ್ಯಾರವಾನ್ ರೆಫ್ರಿಜರೇಟರ್

ಕ್ಯಾರವಾನ್ ರೆಫ್ರಿಜರೇಟರ್ ಎಂಬುದು ಅಡುಗೆ, ನಿದ್ರೆಗಳಿಗೆ ಅನುಕೂಲವಿರುವ ಪ್ರವಾಸಿ ವಾಹನಗಳಲ್ಲಿ ಆಹಾರವನ್ನು ತಂಪಾಗಿಡಲು ಅಳವಡಿಸುವ ಯಂತ್ರ. ಕರ್ನಾಟಕದಲ್ಲಿ ಕ್ಯಾರವಾನ್ ಎಂಬ ಪದ ಚಲನಚಿತ್ರ ನಟರ ವಿಶ್ರಾಂತಿ ವಾಹನದಿಂದಲೂ ಪರಿಚಿತವಾಗಿದೆ. ಮನೆಯ ಫ್ರಿಜ್ಜಿಗೆ ಸಮತಟ್ಟಾದ ನೆಲವೂ ಸದಾ ವಿದ್ಯುತ್ತೂ ದೊರೆಯುತ್ತವೆ. ವಾಹನದ ಫ್ರಿಜ್ಜಿಗೆ ಇವೆರಡರ ಖಾತರಿಯೂ ಇಲ್ಲ. ಅದರ ಬಳಕೆ ಮತ್ತು ನಿರ್ವಹಣೆಯ ನಿಯಮಗಳಲ್ಲಿ ಹೆಚ್ಚಿನವು ಈ ಕೊರತೆಯಿಂದಲೇ ಹುಟ್ಟಿವೆ.

ವಿಧಗಳು

ಇವುಗಳಲ್ಲಿ ಮುಖ್ಯವಾಗಿ ಎರಡು ವಿಧ. ಮೊದಲನೆಯದಾದ ಹೀರಿಕೆಯ (ಅಬ್ಸಾರ್ಪ್ಷನ್) ವಿಧವನ್ನು 1922ರಲ್ಲಿ ಸ್ವೀಡನ್ನಿನ ವಿದ್ಯಾರ್ಥಿಗಳಾದ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ರೂಪಿಸಿದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಸಂಸ್ಥೆ ಅದರ ತಯಾರಿಕೆಯನ್ನು ಆರಂಭಿಸಿತು. ಶಾಖದಿಂದ ತಂಪನ್ನು ಪಡೆಯುವುದು ಇದರ ವೈಶಿಷ್ಟ್ಯ. ಅನಿಲದ ಜ್ವಾಲೆ ಅಥವಾ ವಿದ್ಯುತ್ ಕಾಯಿಲ್ ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ. ಮೇಲೇರಿದ ಅಮೋನಿಯಾ ಆವಿ ಹಿಂಬದಿಯ ಕೊಳವೆಗಳಲ್ಲಿ ತಣಿದು ದ್ರವವಾಗುತ್ತದೆ. ಬಳಿಕ ಜಲಜನಕದೊಡನೆ ಸೇರಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಕೊನೆಗೆ ನೀರು ಆ ಅಮೋನಿಯಾವನ್ನು ಪುನಃ ಹೀರುತ್ತದೆ. ಚಲಿಸುವ ಬಿಡಿಭಾಗಗಳಿಲ್ಲದ್ದರಿಂದ ಸದ್ದಿಲ್ಲ.

ಎರಡನೆಯದು 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ವಿಧ. ತತ್ತ್ವದಲ್ಲಿ ಇದು ಮನೆಯ ಫ್ರಿಜ್ಜಿನಂತೆಯೇ ಇದೆ.

ಇಳಿಜಾರಿನ ಸಮಸ್ಯೆ

ಹೀರಿಕೆಯ ವಿಧದಲ್ಲಿ ದ್ರವವು ಗುರುತ್ವದಿಂದಲೇ ಕೆಳಗಿಳಿಯಬೇಕು. ವಾಹನವನ್ನು ಇಳಿಜಾರಿನಲ್ಲಿ ನಿಲ್ಲಿಸಿದಾಗ ದ್ರವ ಕೊಳವೆಯ ಬಾಗುಗಳಲ್ಲಿ ತಂಗುತ್ತದೆ, ಕುದಿಯುವ ಭಾಗ ಒಣಗಿ ಅತಿಯಾಗಿ ಕಾಯುತ್ತದೆ. ತುಕ್ಕು ತಡೆಯಲು ಬೆರೆಸಿದ ಕ್ರೋಮೇಟ್ ಲವಣ ಆಗ ಹರಳುಗಟ್ಟಿ ಕೊಳವೆಯನ್ನು ಮುಚ್ಚಬಲ್ಲದು. ಈ ಹಾನಿ ಸಾಮಾನ್ಯವಾಗಿ ಸರಿಪಡಿಸಲಾಗದಂಥದು. ಚಲಿಸುವಾಗ ಓಲಾಟದಿಂದ ದ್ರವ ಅತ್ತಿತ್ತ ಸರಿಯುವುದರಿಂದ ಅಪಾಯ ಕಡಿಮೆ.

ಜಾಲ್ಸೂರು, ಸುಳ್ಯ, ಸಂಪಾಜೆಗಳ ಮೂಲಕ ಮಡಿಕೇರಿಗೆ ಏರುವ ರಾಷ್ಟ್ರೀಯ ಹೆದ್ದಾರಿ 275ರಂತಹ ಘಟ್ಟದ ದಾರಿಯಲ್ಲಿ ಏರುವುದಕ್ಕಿಂತಲೂ, ರಸ್ತೆಯ ಅಂಚಿನಲ್ಲಿ ಗಂಟೆಗಟ್ಟಲೆ ವಾಲಿ ನಿಲ್ಲುವುದೇ ಫ್ರಿಜ್ಜಿಗೆ ಹೆಚ್ಚು ಕೆಡುಕು. ತಂಗುವಲ್ಲಿ ಗಾರೆ ಕೆಲಸದವರ ರಸಮಟ್ಟವನ್ನು ಫ್ರಿಜ್ಜಿನೊಳಗಿಟ್ಟು ನೋಡಿ, ತಗ್ಗಿನ ಬದಿಯ ಚಕ್ರಗಳಿಗೆ ಹಲಗೆ ಕೊಡಬೇಕು. ಅದು ಸಾಧ್ಯವಾಗದಿದ್ದರೆ ಯಂತ್ರವನ್ನು ಆರಿಸಬೇಕು. ಕಂಪ್ರೆಸರ್ ವಿಧ ಇದಕ್ಕಿಂತ ಹೆಚ್ಚಿನ ಓರೆಯನ್ನು ಸಹಿಸುತ್ತದೆ. ಕರಾವಳಿಯ ಸೆಕೆಗೂ ಪಶ್ಚಿಮ ಘಟ್ಟದ ಏರುತಗ್ಗಿಗೂ ಅದೇ ಹೆಚ್ಚು ಸೂಕ್ತ.

ವಿದ್ಯುತ್ತಿನ ಲೆಕ್ಕ

ಕಂಪ್ರೆಸರ್ ಓಡುವಾಗ 4 ಆಂಪಿಯರ್ ಎಳೆಯುತ್ತದೆ, ದಿನದಲ್ಲಿ 12 ಗಂಟೆ ಓಡುತ್ತದೆ ಎಂದಿಟ್ಟುಕೊಂಡರೆ 48 ಆಂಪಿಯರ್-ಗಂಟೆ ಬೇಕು. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದಾದ್ದರಿಂದ, 100 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು ಒಂದು ದಿನಕ್ಕೆ ಸಾಕು. ಮಳೆಗಾಲದ ಮೋಡದಲ್ಲಿ ಸೌರಫಲಕವನ್ನಷ್ಟೇ ನಂಬುವಂತಿಲ್ಲ. ಹೀರಿಕೆಯ ಯಂತ್ರವನ್ನು 12 ವೋಲ್ಟಿನಲ್ಲಿ ನಡೆಸುವುದು ಎಂಜಿನ್ ಓಡುವಾಗ ಮಾತ್ರ ಲೇಸು. ನಿಂತ ವಾಹನದ ಬ್ಯಾಟರಿಯನ್ನು ಅದು ಕೆಲವೇ ಗಂಟೆಗಳಲ್ಲಿ ಬರಿದುಮಾಡುತ್ತದೆ.

ಬಳಕೆ

ಹೊರಡುವ ಹಿಂದಿನ ರಾತ್ರಿಯೇ ಖಾಲಿ ಫ್ರಿಜ್ಜನ್ನು ಚಾಲೂ ಮಾಡಿ, ಮೊದಲೇ ತಣಿದ ಪದಾರ್ಥಗಳನ್ನು ತುಂಬಬೇಕು. ಬಿಸಿ ಸಾರಿನ ಪಾತ್ರೆಯನ್ನು ನೇರವಾಗಿ ಇಡಬಾರದು. ಒಳಗಿನ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿರಬೇಕು. ಮೀನು, ಮಾಂಸ, ಹಾಲಿನ ವಿಷಯದಲ್ಲಿ ಅಂದಾಜು ನಡೆಯದು, ಒಳಗೊಂದು ಉಷ್ಣತಾಮಾಪಕ ಇರುವುದು ಉತ್ತಮ. ಗಾಳಿಯಾಡಲು ಪದಾರ್ಥಗಳ ನಡುವೆ ಜಾಗ ಬಿಡಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಬಾಗಿಲನ್ನು ಪದೇಪದೇ ತೆರೆದರೆ ಮಂಜು ಬೇಗ ಕಟ್ಟುತ್ತದೆ. ಅದನ್ನು ಚಾಕುವಿನಿಂದ ಕೆರೆಯದೆ, ಯಂತ್ರ ಆರಿಸಿ ಕರಗಲು ಬಿಡಬೇಕು.

ನಿರ್ವಹಣೆ ಮತ್ತು ಸುರಕ್ಷತೆ

ವಾಹನದ ಹೊರಗೋಡೆಯಲ್ಲಿರುವ ಗಾಳಿಕಿಂಡಿಗಳನ್ನು ಆಗಾಗ ನೋಡುತ್ತಿರಬೇಕು. ಜೇಡರ ಬಲೆ, ಕಣಜದ ಮಣ್ಣಿನ ಗೂಡು ಕಟ್ಟಿದರೆ ಶಾಖ ಹೊರಹೋಗದು. ಬರ್ನರಿನಲ್ಲಿ ಕಟ್ಟಿದರೆ ಜ್ವಾಲೆ ನೀಲಿಯಿಂದ ಹಳದಿಗೆ ತಿರುಗುತ್ತದೆ. ಹಳದಿ ಜ್ವಾಲೆ ಮಸಿಯ ಜೊತೆಗೆ ವಿಷಕಾರಿ ಕಾರ್ಬನ್ ಮಾನಾಕ್ಸೈಡನ್ನೂ ಉಗುಳಬಹುದು. ಬಾಗಿಲಿನ ರಬ್ಬರ್ ಪಟ್ಟಿಯ ನಡುವೆ ಸಿಕ್ಕಿಸಿದ ಕಾಗದ ಸಲೀಸಾಗಿ ಜಾರಿಬಂದರೆ ಪಟ್ಟಿ ಬದಲಿಸಬೇಕು.

ಪೆಟ್ರೋಲ್ ಬಂಕನ್ನು ಪ್ರವೇಶಿಸುವ ಮುನ್ನ ಜ್ವಾಲೆಯನ್ನು ಆರಿಸಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಅಮೋನಿಯಾದ ಘಾಟು ಬಂದರೆ ಅಥವಾ ಹಿಂಬದಿಯ ಕೊಳವೆಗಳ ಮೇಲೆ ಹಳದಿ ಪುಡಿ ಕಂಡರೆ ಕೊಳವೆ ಸೋರುತ್ತಿದೆ ಎಂದರ್ಥ; ಒಳಗೆ ಉರಿಯಬಲ್ಲ ಜಲಜನಕವೂ ಇರುವುದರಿಂದ ಯಂತ್ರವನ್ನು ಆರಿಸಿ, ವಾಹನದಿಂದ ಹೊರಬಂದು, ತಜ್ಞರನ್ನು ಕರೆಯಬೇಕು.

ಮಳೆಗಾಲದಲ್ಲಿ ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಫ್ರಿಜ್ಜನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಒಣಗಿಸಿ, ಬಾಗಿಲನ್ನು ತುಸು ತೆರೆದಿಡಬೇಕು. ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.