ಮಹಾಮಾರಿಯ ಕಾಲದ ಡಿಜಿಟಲ್ ಸ್ವೀಕಾರ: ಸಂಶೋಧನೆಯ ಗತಿ

೨೦೨೦ನೆಯ ಇಸವಿ ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಗದ್ವ್ಯಾಪಿಯಾದ ಮಹಾಮಾರಿಯೆಂದು ಸಾರಿತು. ಪಾಠಪ್ರವಚನ, ವೈದ್ಯ, ಕಚೇರಿ, ಕ್ರಯವಿಕ್ರಯ ಮೊದಲಾದುವು ಕೆಲವೇ ವಾರಗಳಲ್ಲಿ ಡಿಜಿಟಲ್ ಯಂತ್ರಗಳನ್ನು ಆಶ್ರಯಿಸಬೇಕಾಗಿ ಬಂದುದರಿಂದ, ಜನರು ಇವನ್ನು ಏಕೆ ಸ್ವೀಕರಿಸುತ್ತಾರೆಂಬ ವಿಷಯವಾಗಿ ಲೇಖನಗಳು ರಾಶಿರಾಶಿಯಾಗಿ ಹೊರಟುವು. ಸನ್ನಿವೇಶವು ಅಪೂರ್ವವಾಗಿದ್ದರೂ ಇವುಗಳಲ್ಲಿ ಬಹಳಷ್ಟು ಹಿಡಿದ ಅಳತೆಗೋಲು ಮಾತ್ರ ಹಳೆಯದು.

ಆ ಅಳತೆಗೋಲಿನ ಮೂಲವು ಅಮೆರಿಕದ ಫ್ರೆಡ್ ಡೇವಿಸ್ ೧೯೮೯ರಲ್ಲಿ ಪ್ರಕಟಿಸಿದ ಲೇಖನದಲ್ಲಿದೆ. ಯಂತ್ರವು ಉಪಯುಕ್ತವೆಂಬ ಭಾವನೆ, ಅದರ ಬಳಕೆಯು ಸುಲಭವೆಂಬ ಭಾವನೆ, ಇವೆರಡರಿಂದ ಬಳಸುವ ಇಚ್ಛೆ ಹುಟ್ಟುವುದು, ಇಚ್ಛೆಯಿಂದ ಬಳಕೆಯಾಗುವುದು ಎಂಬುದು ಆತನಿಂದ ಮೊದಲಾದ ಮತದ ಸಾರ. ಜ್ಞಾನದಿಂದ ಇಚ್ಛೆ, ಇಚ್ಛೆಯಿಂದ ಕೃತಿ ಎಂದು ನೈಯಾಯಿಕರು ಹೇಳುವ ಕ್ರಮಕ್ಕೂ ಇದಕ್ಕೂ ಹೋಲಿಕೆಯುಂಟು. ೨೦೦೩ರಲ್ಲಿ ವಿಶ್ವನಾಥ್ ವೆಂಕಟೇಶ್ ಮೊದಲಾದ ನಾಲ್ವರು ಅದುವರೆಗಿನ ಎಂಟು ಮತಗಳನ್ನು ಸಮನ್ವಯಗೊಳಿಸಿ ಏಕೀಕೃತ ಸಿದ್ಧಾಂತವೊಂದನ್ನು ಕಟ್ಟಿದರು. ಬಳಕೆಯು ಸ್ವೇಚ್ಛೆಯಿಂದಲೋ ನಿರ್ಬಂಧದಿಂದಲೋ ಎಂಬ ಭೇದಕ್ಕೆ ಅದರಲ್ಲಿ ಸ್ಥಾನವಿದ್ದಿತು. ಸಾಮಾನ್ಯ ಗ್ರಾಹಕನಿಗೆ ನಿರ್ಬಂಧವಿಲ್ಲವೆಂದು ೨೦೧೨ರ ಪರಿಷ್ಕರಣದಲ್ಲಿ ಈ ಭೇದವನ್ನು ಕೈಬಿಟ್ಟರು. ಎಂಟೇ ವರ್ಷಗಳಲ್ಲಿ ಗ್ರಾಹಕನೂ ನಿರ್ಬಂಧಕ್ಕೊಳಗಾಗುವನೆಂದು ಆಗ ಯಾರು ತಾನೆ ಊಹಿಸಿಯಾರು!

ಭಾರತದಲ್ಲಿ ಆರೋಗ್ಯಸೇತುವು ೨೦೨೦ರ ಏಪ್ರಿಲ್ ೨ರಂದು ಬಂದಿತು. ಮೇ ೧ರ ಕೇಂದ್ರ ಗೃಹಮಂತ್ರಾಲಯದ ಆಜ್ಞೆಯು ಸರ್ಕಾರಿ ಮತ್ತು ಖಾಸಗಿ ನೌಕರರೆಲ್ಲರಿಗೂ ಅದನ್ನು ಕಡ್ಡಾಯಮಾಡಿತು. ಮೇ ೧೭ರ ಆಜ್ಞೆಯಲ್ಲಿ ಈ ಬಿಗಿ ಸಡಿಲಿತು. ಹೀಗಿರಲಾಗಿ, ಆ ಎರಡು ವಾರಗಳಲ್ಲಿ ಅದನ್ನು ಫೋನಿಗೆ ಇಳಿಸಿಕೊಂಡ ನೌಕರನ ಕೃತಿಗೆ ಇಚ್ಛೆಯು ಕಾರಣವೋ, ಆಜ್ಞೆಯು ಕಾರಣವೋ? ಪ್ರಶ್ನಾವಳಿಯಿಂದ ಇಚ್ಛೆಯನ್ನಷ್ಟೇ ಅಳೆದವರು ಇದಕ್ಕೆ ಉತ್ತರ ಕೊಡಲಾರರು. ಸಿಂಗಪುರದಲ್ಲಿ ರೋಗಿಯ ಸಂಪರ್ಕಗಳನ್ನು ಪತ್ತೆಹಚ್ಚುವುದಕ್ಕೆ ಮಾತ್ರವೆಂದು ಹೇಳಿ ಸಂಗ್ರಹಿಸಿದ ವಿವರಗಳನ್ನು ಪೊಲೀಸರೂ ಪಡೆಯಬಹುದೆಂಬುದು ೨೦೨೧ರ ಜನವರಿಯಲ್ಲಿ ಹೊರಬಿದ್ದಿತು. ಅದೇ ತಿಂಗಳ ೨೫ರಂದು ಕರ್ನಾಟಕದ ಉಚ್ಚ ನ್ಯಾಯಾಲಯವು, ಬಳಕೆದಾರರ ತಿಳಿವಳಿಕೆಯುಳ್ಳ ಸಮ್ಮತಿಯಿಲ್ಲದೆ ಆರೋಗ್ಯಸೇತುವಿನ ವಿವರಗಳನ್ನು ಹಂಚಕೂಡದೆಂದು ಮಧ್ಯಂತರ ಆಜ್ಞೆ ಮಾಡಿತು. ನಂಬಿಕೆ, ಗೋಪ್ಯತೆಗಳ ವಿಚಾರಕ್ಕೆ ಇಂಥ ಪ್ರಸಂಗಗಳು ಬಲವನ್ನು ಕೊಟ್ಟುವು.

ಆದರೆ ಇದಕ್ಕಿಂತ ದೊಡ್ಡ ದೋಷವು ಬೇರೆಯಿದೆ. ಸಂಚಾರನಿರ್ಬಂಧದಿಂದಾಗಿ ಮನೆಮನೆಗೆ ಹೋಗಿ ವಿಚಾರಿಸಲಾರದೆ ಸಂಶೋಧಕರಲ್ಲಿ ಬಹುಮಂದಿ ಅಂತರ್ಜಾಲದ ಮೂಲಕವೇ ಪ್ರಶ್ನೆಗಳನ್ನು ಕಳುಹಿಸಿ ಉತ್ತರಗಳನ್ನು ಪಡೆದರು. ಯಂತ್ರವೇ ಇಲ್ಲದವನು ಉತ್ತರ ಕೊಡುವುದೆಂತು? ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ಗ್ರಾಮಗಳಲ್ಲಿ ಶೇಕಡ ೧೪.೯, ಪಟ್ಟಣಗಳಲ್ಲಿ ಶೇಕಡ ೪೨ ಕುಟುಂಬಗಳಿಗೆ ಮಾತ್ರ ಅಂತರ್ಜಾಲದ ಅನುಕೂಲವಿದ್ದಿತು. ಜನರೆಂಬ ಲಕ್ಷ್ಯದ ಇಷ್ಟು ದೊಡ್ಡ ಭಾಗಕ್ಕೆ ತಗಲದ ನಿರ್ಣಯದಲ್ಲಿ ಅವ್ಯಾಪ್ತಿಯು ಸ್ಪಷ್ಟವಾಗಿದೆ. ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದ ವಾಸ್‌ವ್ಯೂವರ್ ಮೊದಲಾದ ಸಾಧನಗಳಿಂದ ಲೇಖನಗಳ ಪದಗಳನ್ನೆಣಿಸಿ ನಕ್ಷೆ ಬರೆಯುವ ಪದ್ಧತಿಯೂ ಈ ದೋಷವನ್ನು ನೀಗಲಾರದು. ಯಾವ ಪದವು ಯಾವುದರೊಡನೆ ಎಷ್ಟು ಸಲ ಬಂದಿತೆಂಬುದು ಅದರಿಂದ ತಿಳಿಯುತ್ತದೆ. ಲೇಖನಗಳೊಳಕ್ಕೆ ಬಾರದೆಯೇ ಹೋದವರು ಯಾರೆಂಬುದು ತಿಳಿಯದು.

ಅವರ ಪ್ರಸ್ತಾವವು ನ್ಯಾಯಾಲಯದಲ್ಲಿ ಬಂದಿತು. ೨೦೨೧ರ ಮೇ ತಿಂಗಳಲ್ಲಿ ೧೮ರಿಂದ ೪೪ ವಯಸ್ಸಿನವರ ಲಸಿಕೆಗೆ ಕೋವಿನ್ ಎಂಬ ಡಿಜಿಟಲ್ ದಾಖಲೆಯಲ್ಲಿ ಮೊದಲೇ ಹೆಸರು ಬರೆಯಿಸಬೇಕೆಂಬ ನಿಯಮವಿದ್ದಾಗ, ಯಂತ್ರವೂ ಅಕ್ಷರವೂ ಇಲ್ಲದವರ ಗತಿಯೇನೆಂದು ಸರ್ವೋಚ್ಚ ನ್ಯಾಯಾಲಯವು ಮೇ ೩೧ರ ಆಜ್ಞೆಯಲ್ಲಿ ಸರ್ಕಾರವನ್ನು ಪ್ರಶ್ನಿಸಿತು.