ಆರ್ಟೆಮಿಸಿಯಾಳ ಕಥೆ ಎಲ್ಲಿಂದ ಶುರುವಾಗಬೇಕು?

ವರ್ತೂರಿನಲ್ಲಿ ನಮ್ಮ ಪಕ್ಕದ ಮನೆಯ ಪಿಯುಸಿ ಹುಡುಗಿ ಚೆನ್ನಾಗಿ ಚಿತ್ರ ಬಿಡಿಸುತ್ತಾಳೆ. ಒಂದು ಸಂಜೆ ಅವಳಿಗೆ ಇಟಲಿಯ ಬರೋಕ್ ಕಾಲದ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿಯ ಕಥೆ ಹೇಳಿದೆ. 1611ರಲ್ಲಿ ರೋಮಿನಲ್ಲಿ ಚಿತ್ರಕಾರ ಅಗೊಸ್ಟಿನೊ ತಾಸ್ಸಿ ಅವಳ ಮೇಲೆ ಅತ್ಯಾಚಾರ ಎಸಗಿದ್ದು, ಮರುವರ್ಷ ವಿಚಾರಣೆಯಲ್ಲಿ ಅವಳ ಮಾತು ನಿಜವೇ ಎಂದು ತಿಳಿಯಲು ಅವಳ ಬೆರಳುಗಳಿಗೇ ಹಗ್ಗ ಬಿಗಿದು ಹಿಂಸಿಸಿದ್ದು, ಎಲ್ಲವನ್ನೂ.

ಹುಡುಗಿ ಕೇಳಿದಳು: “ಸರಿ ಅಕ್ಕ, ಅವರು ಬರೆದ ಚಿತ್ರ ಯಾವುದು?”

ನನಗೆ ನಾಚಿಕೆಯಾಯಿತು. ಕಥೆ ಶುರುವಾಗಬೇಕಿದ್ದದ್ದು 1610ರಿಂದ. ಆ ವರ್ಷ, ಸುಮಾರು 17ರ ವಯಸ್ಸಿನಲ್ಲಿ, ಅವಳು ‘ಸುಸನ್ನಾ ಮತ್ತು ಹಿರಿಯರು’ ಚಿತ್ರಕ್ಕೆ ಸಹಿ ಹಾಕಿದಳು. ಸ್ನಾನಕ್ಕಿಳಿದ ಹೆಣ್ಣನ್ನು ಇಬ್ಬರು ಮುದುಕರು ಪೀಡಿಸುವ ಬೈಬಲ್ ಕಥೆಯದು. ಅನೇಕ ಗಂಡಸು ಚಿತ್ರಕಾರರಿಗೆ ಅದು ಬೆತ್ತಲೆ ಮೈ ತೋರಿಸಲು ಸಿಕ್ಕ ನೆಪ. ಆರ್ಟೆಮಿಸಿಯಾಳ ಸುಸನ್ನಾ ಮಾತ್ರ ಮೈ ತಿರುಚಿ, ಕೈ ಅಡ್ಡ ಹಿಡಿದು, ಅಸಹ್ಯದಿಂದ ಮುಖ ತಿರುಗಿಸುತ್ತಾಳೆ. ಈ ದೃಷ್ಟಿ ಅತ್ಯಾಚಾರದಿಂದ ಹುಟ್ಟಿದ್ದಲ್ಲ, ಅದಕ್ಕೂ ಮೊದಲೇ ಅವಳಲ್ಲಿತ್ತು.

ತಂದೆ ಒರಾಜಿಯೊನಿಂದ ಕಲಿತ ಅವಳು 1616ರಲ್ಲಿ ಫ್ಲಾರೆನ್ಸಿನ ಕಲಾ ಅಕಾಡೆಮಿಗೆ ಸೇರಿದ ಮೊದಲ ಮಹಿಳೆಯಾದಳು. ನೇಪಲ್ಸ್, ಲಂಡನ್‌ಗಳಲ್ಲೂ ಕುಂಚವೇ ಅವಳ ದುಡಿಮೆ. ಆದರೂ ಜೂಡಿತ್ ಹೊಲೊಫರ್ನಿಸನ ಕತ್ತು ಕೊಯ್ಯುವ ಅವಳ ಚಿತ್ರವನ್ನು ಬರೀ ಸೇಡೆಂದು ಓದುವವರಿದ್ದಾರೆ. ಹಾಗೆ ಓದಿದರೆ ಆ ತೋಳುಗಳ ಬಲ, ಕ್ಯಾರವಾಜಿಯೊನ ದಾರಿಯಲ್ಲಿ ಅವಳು ಪಳಗಿಸಿಕೊಂಡ ನೆರಳು-ಬೆಳಕು, ಎಲ್ಲವೂ ತಾಸ್ಸಿಯ ಖಾತೆಗೆ ಜಮೆಯಾಗುತ್ತವೆ.

ನಾವೂ ಬೇರೆಯಲ್ಲ. ಅದೇ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದು ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮನನ್ನು ಇಂದಿಗೂ ಅವಳು ಹಿಡಿದ ಎಲೆ ಅಡಿಕೆ ಸಂಚಿಯಿಂದಲೇ ಗುರುತಿಸುತ್ತೇವೆ.

ಮರುದಿನ ಹುಡುಗಿಗೆ ಸುಸನ್ನಾಳನ್ನು ತೋರಿಸಿದೆ. ತುಂಬ ಹೊತ್ತು ನೋಡಿ, ಅಡ್ಡ ಹಿಡಿದ ಆ ಕೈಯನ್ನು ಪೆನ್ಸಿಲ್ಲಿನಲ್ಲಿ ಬಿಡಿಸತೊಡಗಿದಳು.