ಹಾಪ್ಸ್‌ನ ಕಹಿ ಮತ್ತು ಧರ್ಮಸಭೆಯ ವಿವೇಚನೆ

ಕ್ರಿ.ಶ. 816ರಲ್ಲಿ ಜರ್ಮನಿಯ ಆಖೆನ್ ನಗರದಲ್ಲಿ ಸೇರಿದ ಧರ್ಮಸಭಾ ಪರಿಷತ್ತು ಮಠಜೀವನಕ್ಕೆ ನಿಯಮಗಳನ್ನು ರೂಪಿಸುವಾಗ ಸನ್ಯಾಸಿಗಳ ಪಾನೀಯದ ವಿಷಯವನ್ನೂ ಎತ್ತಿಕೊಂಡಿತು. ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 40ನೆಯ ಅಧ್ಯಾಯದಲ್ಲಿ ದಿನಕ್ಕೊಂದು ಹೆಮಿನಾ, ಅಂದರೆ ರೋಮನ್ ಅಳತೆಯಲ್ಲಿ ಸುಮಾರು ಕಾಲು ಲೀಟರ್, ದ್ರಾಕ್ಷಾರಸ ಸಾಕೆಂದಿದ್ದರು. ಅದನ್ನೂ ತ್ಯಜಿಸಬಲ್ಲವರಿಗೆ ವಿಶೇಷ ಪ್ರತಿಫಲವುಂಟೆಂದು ಸೇರಿಸಿದ್ದರು. ದ್ರಾಕ್ಷಾರಸ ದೊರೆಯದ ಕಡೆ ಏನು ಮಾಡಬೇಕು? ಅದರ ಎರಡರಷ್ಟು ಒಳ್ಳೆಯ ಬಿಯರನ್ನು ಕೊಡಬೇಕೆಂದು ಪರಿಷತ್ತು ತೀರ್ಮಾನಿಸಿತು. ಎರಡರಷ್ಟು ಎಂಬುದನ್ನು ಅಳತೆಯ ಪಾತ್ರೆ ಹೇಳುತ್ತದೆ. 'ಒಳ್ಳೆಯ' ಎಂಬುದನ್ನು ಹೇಳಬೇಕಾದವರು ಯಾರು? ಈ ಒಂದು ಮಾತಿನ ಜಾಡನ್ನು ಹಿಡಿದು ನಾವು ಕೆಲವು ಶತಮಾನಗಳನ್ನು ದಾಟೋಣ.

ಅಂದಿನ ಬಿಯರ್ ಮಠದ ಮನೆಯಲ್ಲೇ ತಯಾರಾಗುತ್ತಿತ್ತು. 9ನೆಯ ಶತಮಾನದ ಆದಿಯಲ್ಲಿ ರಚಿತವಾದ ಸಂತ ಗಾಲ್ ಮಠದ ಪ್ರಸಿದ್ಧ ನಕ್ಷೆಯಲ್ಲಿ ಮೂರು ಪ್ರತ್ಯೇಕ ಬಿಯರ್ ತಯಾರಿಕಾ ಕೊಠಡಿಗಳಿವೆ: ಸನ್ಯಾಸಿಗಳಿಗೆ ಒಂದು, ಗಣ್ಯ ಅತಿಥಿಗಳಿಗೆ ಒಂದು, ಯಾತ್ರಿಕರಿಗೆ ಮತ್ತು ಬಡವರಿಗೆ ಒಂದು. ಫ್ರಾನ್ಸಿನ ಕೋರ್ಬಿ ಮಠಾಧಿಪತಿ ಅಡಲ್ಹಾರ್ಡರು 822ರಲ್ಲಿ ಬರೆಸಿದ ಕಟ್ಟಳೆಗಳಲ್ಲಿ ಮಠಕ್ಕೆ ಬರುವ ಹಾಪ್ಸ್‌ನ ಹತ್ತನೆಯ ಒಂದು ಪಾಲು ದ್ವಾರಪಾಲಕ ಸನ್ಯಾಸಿಗೆ ಸಲ್ಲಬೇಕೆಂದಿದೆ. ಬಾಗಿಲಿಗೆ ಬಂದ ಬಡವರನ್ನು ಸತ್ಕರಿಸುವ ಹೊಣೆ ಆತನದು. ಹಾಪ್ಸ್ ಮತ್ತು ಬಿಯರಿನ ನಂಟಿಗೆ ಇದು ಅತಿ ಪ್ರಾಚೀನ ಲಿಖಿತ ಸಾಕ್ಷ್ಯಗಳಲ್ಲೊಂದು.

ಹಾಪ್ಸ್ ಎಂಬುದು ಒಂದು ಬಳ್ಳಿ. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯ ಸಿಹಿ ರಸದಲ್ಲಿ ಅದರ ಹೂಗೊಂಚಲುಗಳನ್ನು ಕುದಿಸಿದಾಗ ಕಹಿ ಇಳಿಯುತ್ತದೆ. ಆ ಕಹಿ ಬಿಯರನ್ನು ಹುಳಿಯಾಗಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಆದರೆ ಹೆಚ್ಚು ಹೊತ್ತು ಕುದಿಸಿದರೆ ಹೂವಿನ ಪರಿಮಳ ಹಾರಿಹೋಗುತ್ತದೆ. ಆದ್ದರಿಂದ ಇಂತಹ ಬಿಯರನ್ನು ಪರೀಕ್ಷಿಸುವವನು ಆತುರಪಡುವಂತಿಲ್ಲ. ಮೊದಲು ಬಣ್ಣವನ್ನೂ ನೊರೆಯನ್ನೂ ನೋಡಬೇಕು. ಬಳಿಕ ಪರಿಮಳವನ್ನು ಗಮನಿಸಬೇಕು. ಆಮೇಲೆ ಒಂದು ಗುಟುಕು. ನುಂಗಿದ ಮೇಲೂ ಕಾಯಬೇಕು, ಏಕೆಂದರೆ ಹಾಪ್ಸ್‌ನ ಗುಣದೋಷಗಳು ಕೊನೆಗೆ ಉಳಿಯುವ ಕಹಿಯಲ್ಲಿ ತಿಳಿಯುತ್ತವೆ. ಆ ಕಹಿ ಶುದ್ಧವಾಗಿ ಮರೆಯಾಗುವುದೋ ಒರಟಾಗಿ ಅಂಟಿಕೊಳ್ಳುವುದೋ ಎಂಬುದನ್ನು ಮೊದಲ ಗುಟುಕು ಹೇಳಲಾರದು.

ಇಂತಹ ತಾಳ್ಮೆಯ ತೀರ್ಪು 12ನೆಯ ಶತಮಾನದ ಸಂತ ಹಿಲ್ಡೆಗಾರ್ಡರಲ್ಲಿ ಕಾಣುತ್ತದೆ. ಬಿಂಗೆನ್ ಬಳಿಯ ರೂಪರ್ಟ್ಸ್‌ಬರ್ಗ್ ಮಠದ ಮುಖ್ಯಸ್ಥೆಯಾಗಿದ್ದ ಇವರನ್ನು ಜಗದ್ಗುರು 16ನೆಯ ಬೆನೆಡಿಕ್ಟರು 2012ರಲ್ಲಿ ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು. 'ಫಿಸಿಕಾ' ಎಂಬ ಗ್ರಂಥದಲ್ಲಿ ಅವರು ಹಾಪ್ಸ್ ಬಗ್ಗೆ ಒಳ್ಳೆಯ ಅಭಿಪ್ರಾಯವನ್ನೇನೂ ಕೊಡುವುದಿಲ್ಲ. ಅದು ಮನುಷ್ಯನಲ್ಲಿ ವಿಷಣ್ಣತೆಯನ್ನು ಹೆಚ್ಚಿಸುತ್ತದೆ, ಅವನ ಒಳಾಂಗಗಳಿಗೆ ಭಾರವಾಗುತ್ತದೆ ಎನ್ನುತ್ತಾರೆ. ಆದರೂ ಅದರ ಕಹಿಯು ಪಾನೀಯಗಳನ್ನು ಕೆಡದಂತೆ ಕಾಯುತ್ತದೆಂಬುದನ್ನು ಅವರು ಮುಚ್ಚಿಡಲಿಲ್ಲ. ತಮಗೆ ಮೆಚ್ಚುಗೆಯಾಗದ ವಸ್ತುವಿನ ಒಳ್ಳೆಯ ಗುಣವನ್ನು ಒಪ್ಪಿಕೊಳ್ಳುವುದು ಸತ್ಯನಿಷ್ಠೆಯ ಲಕ್ಷಣ.

ಮುಂದಿನ ಅಧ್ಯಾಯ ನಮಗೆ ಅಷ್ಟು ಹಿತಕರವಲ್ಲ. ಹಾಪ್ಸ್‌ಗೆ ಮುನ್ನ ಬಿಯರಿಗೆ 'ಗ್ರೂಟ್' ಎಂಬ ಸೊಪ್ಪುಗಳ ಮಿಶ್ರಣವನ್ನು ಸೇರಿಸುತ್ತಿದ್ದರು. ಅನೇಕ ಕಡೆ ಅದನ್ನು ಮಾರುವ ಏಕಸ್ವಾಮ್ಯ ಧರ್ಮಾಧ್ಯಕ್ಷರ ಕೈಯಲ್ಲಿತ್ತು. ಹಾಪ್ಸ್ ಬಳಸುವವನಿಗೆ ಗ್ರೂಟ್ ಬೇಕಿಲ್ಲ. ಅಷ್ಟರಮಟ್ಟಿಗೆ ಧರ್ಮಾಧ್ಯಕ್ಷರ ಬೊಕ್ಕಸಕ್ಕೆ ನಷ್ಟ. ಇತ್ತ ಬ್ರೆಮೆನ್, ಹ್ಯಾಂಬರ್ಗ್ ನಗರಗಳ ಹಾಪ್ಸ್ ಬಿಯರ್ ಸಮುದ್ರಯಾನದಲ್ಲೂ ಕೆಡದೆ ದೂರದ ಮಾರುಕಟ್ಟೆಗಳನ್ನು ಸೇರುತ್ತಿತ್ತು. 1381ರಲ್ಲಿ ಕಲೋನಿನ ಮಹಾಧರ್ಮಾಧ್ಯಕ್ಷ ಫ್ರೆಡ್ರಿಕರು ಬಿಯರ್ ಮಾಡುವವರೆಲ್ಲರೂ, ಯಾಜಕರೂ ಸೇರಿ, ತಮ್ಮ ಗ್ರೂಟ್ ಮಳಿಗೆಯಿಂದಲೇ ಕೊಳ್ಳಬೇಕೆಂದು ಆಜ್ಞಾಪಿಸಿದರು; ವೆಸ್ಟ್‌ಫಾಲಿಯಾದಿಂದ ಬರುವ ಹಾಪ್ಸ್ ಬಿಯರನ್ನು ತಡೆದರು. ಆ ಆದಾಯ ಸತ್ಕಾರ್ಯಗಳಿಗೂ ವಿನಿಯೋಗವಾಗಿರಬಹುದು. ಆದರೆ ಒಳ್ಳೆಯದು ಯಾವುದು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಕೊಟ್ಟದ್ದು ನಾಲಿಗೆಯಲ್ಲ, ಲೆಕ್ಕದ ಪುಸ್ತಕ. ಆ ಉತ್ತರ ಬಹುಕಾಲ ಬಾಳಲಿಲ್ಲ. 1516ರ ಏಪ್ರಿಲ್ 23ರಂದು ಬವೇರಿಯಾದ ಡ್ಯೂಕರು ಇಂಗೋಲ್‌ಸ್ಟಾಟ್‌ನಲ್ಲಿ ಹೊರಡಿಸಿದ ಕಾನೂನು ಬಿಯರಿಗೆ ಜವೆಗೋಧಿ, ಹಾಪ್ಸ್, ನೀರು ಇವಿಷ್ಟನ್ನೇ ವಿಧಿಸಿತು.

ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರರ ಕುಟುಂಬ ವಾಸವಾಗಿದ್ದುದು ಹಿಂದೆ ಅಗಸ್ಟೀನಿಯನ್ ಮಠವಾಗಿದ್ದ ಕಟ್ಟಡದಲ್ಲಿ. ಅಲ್ಲಿ ಅವರ ಪತ್ನಿ ಕ್ಯಾಥರೀನಾ ಫಾನ್ ಬೋರಾ ಸ್ವತಃ ಬಿಯರ್ ತಯಾರಿಸುತ್ತಿದ್ದರು. 1534ರ ಜುಲೈ ತಿಂಗಳಲ್ಲಿ ಡೆಸ್ಸೌ ನಗರದಲ್ಲಿ ಕೆಟ್ಟ ಪಾನೀಯ ಕುಡಿದು ಬೇಸತ್ತ ಲೂಥರರು, ಮನೆಯ ಬಿಯರಿನಲ್ಲಿ ಒಂದು ಸೀಸೆಯನ್ನು ಕಳುಹಿಸುವಂತೆ ಆಕೆಗೆ ಪತ್ರ ಬರೆದರು. ಗಂಡನ ಮೆಚ್ಚುಗೆಯಲ್ಲಿ ಪಕ್ಷಪಾತವಿದ್ದೀತು. ಆದರೆ ಅದು ಹಣದ ಪಕ್ಷಪಾತವಲ್ಲ.

ಬೆನೆಡಿಕ್ಟರು ನಿಯಮಾವಳಿಯ 64ನೆಯ ಅಧ್ಯಾಯದಲ್ಲಿ ವಿವೇಚನೆಯನ್ನು ಸದ್ಗುಣಗಳ ತಾಯಿಯೆಂದು ಕರೆಯುತ್ತಾರೆ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಉಳಿಸಿಕೊಳ್ಳುವಂತೆ ಸಂತ ಪೌಲರು ಥೆಸಲೋನಿಕದ ಭಕ್ತರಿಗೆ (1 ಥೆಸ 5:21) ಬುದ್ಧಿಹೇಳುತ್ತಾರೆ. ಕುಡಿತದಿಂದ ಮುರಿದ ಮನೆಗಳ ಕಣ್ಣೀರನ್ನು ಕಂಡಿರುವ ನಾವು ಪಾನವನ್ನು ಹೊಗಳಲು ಈ ಇತಿಹಾಸವನ್ನು ನೆನೆಯುತ್ತಿಲ್ಲ. ಧರ್ಮಕೇಂದ್ರದಲ್ಲಿ ನಾವೂ ದಿನನಿತ್ಯ ತೀರ್ಪು ನೀಡುತ್ತೇವೆ. ಯುವಜನರ ಹೊಸ ಹಾಡು, ಭಕ್ತರ ಹೊಸ ಪ್ರಾರ್ಥನಾಕೂಟ, ನಮ್ಮ ಕೈಕೆಳಗಿಲ್ಲದ ಒಂದು ಸೇವಾಸಂಘ ನಮ್ಮ ಮುಂದೆ ಬರುತ್ತವೆ. ಬೇಡವೆಂದು ಹೇಳುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ಇದರ ರುಚಿಯನ್ನು ನಾವು ಕೊನೆಯವರೆಗೆ ನೋಡಿದ್ದೇವೆಯೇ? ನಮಗೆ ಕಹಿಯೆನಿಸಿದ್ದು ಅದರ ದೋಷವೋ, ನಮ್ಮ ಗ್ರೂಟ್ ಮಳಿಗೆಗೆ ಆಗುವ ನಷ್ಟವೋ?